ಮೂಲೆಯಲ್ಲಿ ಅವಿತ ಗುಮ್ಮ

ಮಾನ್ವಿಯ ಯಾವುದಾದರೂ ಒಂದು ಓಣಿಯಲ್ಲಿ ಬೆಳಗಿನ ಹೊತ್ತು ನಲ್ಲಿಗೆ ನೀರು ಬಂದಿದೆ ಎಂದುಕೊಳ್ಳಿ. ತಾಯಿ ಕೊಡವನ್ನು ನಲ್ಲಿಯ ಕೆಳಗಿಟ್ಟು ಒಳಗೆ ಬಂದು ರೊಟ್ಟಿ ಬಡಿಯುತ್ತಿದ್ದಾಳೆ. ಕೊಡ ಅವಳ ಕಣ್ಣಿಗೆ ಕಾಣುವುದಿಲ್ಲ. ಆದರೂ ಅದು ತುಂಬುವ ಹೊತ್ತಿಗೆ ಸರಿಯಾಗಿ ಎದ್ದು ಹೊರಗೆ ಬರುತ್ತಾಳೆ. ಅವಳಿಗೆ ಸುದ್ದಿ ಮುಟ್ಟಿಸಿದ್ದು ಕಿವಿ. ಖಾಲಿ ಕೊಡಕ್ಕೆ ನೀರು ಬೀಳುವಾಗ ಸದ್ದು ದಪ್ಪ. ನೀರು ಏರಿದಂತೆಲ್ಲ ಅದು ಸಣ್ಣಗಾಗುತ್ತಾ ಹೋಗುತ್ತದೆ. ಕೊಡದೊಳಗೆ ಗಾಳಿಗೆ ಉಳಿದ ಜಾಗ ಕಡಿಮೆಯಾದಷ್ಟೂ ಸ್ವರ ಮೇಲೇರುತ್ತದೆ. ದೊಡ್ಡ ಪೊಳ್ಳಿಗೆ ದಪ್ಪ ದನಿ, ಸಣ್ಣ ಪೊಳ್ಳಿಗೆ ಸಣ್ಣ ದನಿ. ಭೌತಶಾಸ್ತ್ರದ ಪುಸ್ತಕದಲ್ಲಿ ಇದಕ್ಕೆ ಅನುನಾದ ಎಂಬ ಹೆಸರಿದೆ. ಹೆಸರು ಗೊತ್ತಿಲ್ಲದಿದ್ದರೂ ತಾಯಿಗೆ ಸಂಗತಿ ಗೊತ್ತು.

ಕೊಡಕ್ಕಿರುವ ಈ ಗುಣ ನಾವು ವಾಸಿಸುವ ಕೋಣೆಗೂ ಇದೆ. ಕೋಣೆ ಎಂದರೆ ದೊಡ್ಡದೊಂದು ಕೊಡವೇ. ಅದು ದೊಡ್ಡದಾದ್ದರಿಂದ ಅದರ ದನಿಯೂ ಬಹಳ ದಪ್ಪ. ಹೊಸ ಮನೆ ಕಟ್ಟಿಸಿ, ಒಳ್ಳೆಯ ಸ್ಪೀಕರ್ ಕೊಂಡು ತಂದು, ಹಾಡು ಹಾಕಿದೊಡನೆ ಬರೀ ‘ಗುಂ... ಗುಂ...’ ಎಂದು ಕೇಳಿಸಿ ಬೇಸರಪಟ್ಟವರು ರಾಯಚೂರು ನಗರದಲ್ಲಿ ಕಡಿಮೆಯೇನಿಲ್ಲ. ತಬಲಾದ ಡಗ್ಗಾ ಬಾರಿಸಿದರೆ ಪೆಟ್ಟು ಕೇಳಿಸುವುದಿಲ್ಲ, ಗುಡುಗು ಕೇಳಿಸುತ್ತದೆ. ಅಂಗಡಿಯಲ್ಲಿ ಚೆನ್ನಾಗಿ ಹಾಡಿದ ಸ್ಪೀಕರ್ ಮನೆಯಲ್ಲೇಕೆ ಹೀಗೆ? ತಪ್ಪು ಸ್ಪೀಕರಿನದಲ್ಲ. ಮನೆಯ ಮೂಲೆಯಲ್ಲಿ ಅವಿತು ಕುಳಿತ ಗುಮ್ಮನದು.

ಇದು ಸಂಗೀತದ ಶೋಕಿಯವರಿಗೆ ಮಾತ್ರ ಸೇರಿದ ವಿಷಯವಲ್ಲ. ಅದೇ ಕೋಣೆಯಲ್ಲಿ ಮಗು ಮೊಬೈಲಿನಲ್ಲೋ ಟಿ.ವಿ.ಯಲ್ಲೋ ಪಾಠ ಕೇಳುತ್ತದೆ. ಅದೇ ಕೋಣೆಯಲ್ಲಿ ಹತ್ತಾರು ಮಕ್ಕಳನ್ನು ಕೂರಿಸಿಕೊಂಡು ಟ್ಯೂಷನ್ ನಡೆಯುತ್ತದೆ. ‘ಎಷ್ಟು ಹೇಳಿದರೂ ಹುಡುಗನ ತಲೆಗೆ ಹತ್ತುವುದಿಲ್ಲ’ ಎಂದು ಬೈಯುವ ಮುಂಚೆ, ಹೇಳಿದ್ದು ಅವನ ಕಿವಿಗೆ ಸರಿಯಾಗಿ ಮುಟ್ಟುತ್ತಿದೆಯೇ ಎಂದು ನೋಡುವುದು ಒಳ್ಳೆಯದಲ್ಲವೇ?

ಬಯಲು ಮತ್ತು ಗೋಡೆ

ದೇವದುರ್ಗ, ಮಾನ್ವಿಯ ಸೀಮೆ ಹಾಡಿನ ಸೀಮೆ. ವಿಜಯದಾಸರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಜಗನ್ನಾಥದಾಸರ ಹೆಸರಂತೂ ಮಾನ್ವಿಗೆ ಅಂಟಿಕೊಂಡೇ ಇದೆ. ರಾಯಚೂರಿನ ರಂಗಮಂದಿರ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರನ್ನು ಹೊತ್ತಿದೆ. ತಂಬೂರಿ ಹಿಡಿದು ಬೀದಿಯಲ್ಲಿ ಹಾಡಿದವರಿಗೂ, ರಾತ್ರಿಯಿಡೀ ಬಯಲಾಟ ಕುಣಿದವರಿಗೂ ಗುಮ್ಮನ ಕಾಟವಿರಲಿಲ್ಲ. ಬಯಲಿನಲ್ಲಿ ದನಿ ಒಮ್ಮೆ ಹೊರಟಿತೆಂದರೆ ಹೋಯಿತು, ಮರಳಿ ಬರುವುದಿಲ್ಲ.

ಹಳೆಯ ಮಾಳಿಗೆ ಮನೆಗಳಲ್ಲೂ ಈ ತೊಂದರೆ ಅಷ್ಟಿರಲಿಲ್ಲ. ಪಡಸಾಲೆಯ ಒಂದು ಮಗ್ಗುಲು ತೆರೆದಿರುತ್ತಿತ್ತು. ದಪ್ಪ ದನಿ ಆ ಕಡೆಯಿಂದ ಹೊರಗೆ ಹೋಗಿಬಿಡುತ್ತಿತ್ತು. ಮೇಲೆ ಮರದ ಹಲಗೆ, ತೊಲೆ. ಹಲಗೆ ತುಸು ಅದುರಿ ದನಿಯ ಶಕ್ತಿಯನ್ನು ತಿನ್ನುತ್ತಿತ್ತು. ಒಂದು ಮೂಲೆಯಲ್ಲಿ ಜೋಳದ ಚೀಲಗಳು, ಇನ್ನೊಂದು ಮೂಲೆಯಲ್ಲಿ ಆಳೆತ್ತರಕ್ಕೆ ಪೇರಿಸಿದ ಕೌದಿ, ಗಾದಿಗಳು. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೆ ಇವತ್ತು ಪೇಟೆಯಲ್ಲಿ ‘ಬಾಸ್ ಟ್ರ್ಯಾಪ್’ ಎಂದು ಮಾರುವ ವಸ್ತುವಿನ ಕೆಲಸವನ್ನು ಆ ಕೌದಿಯ ಪೇರಿ ಸ್ವಲ್ಪಮಟ್ಟಿಗೆ ಮಾಡುತ್ತಿತ್ತು. ಬಾಸ್ ಎಂದರೆ ಮಂದ್ರದ ದಪ್ಪ ದನಿ. ಟ್ರ್ಯಾಪ್ ಎಂದರೆ ಬೋನು.

ಈಗಿನ ಮನೆಯನ್ನು ನೋಡಿ. ಮೇಲೆ ಆರ್.ಸಿ.ಸಿ. ಚಾವಣಿ, ಕೆಳಗೆ ನುಣುಪಾದ ಶಹಾಬಾದ್ ಕಲ್ಲು ಅಥವಾ ಟೈಲ್ಸು, ಸುತ್ತಲೂ ಸಿಮೆಂಟು ಬಳಿದ ಗೋಡೆ. ಬಿಸಿಲು, ಧೂಳು, ಸೊಳ್ಳೆಗೆಂದು ಕಿಟಕಿ ಸದಾ ಮುಚ್ಚಿರುತ್ತದೆ. ದನಿಗೆ ಹೋಗಲು ದಾರಿಯೇ ಇಲ್ಲ.

ಮೆತ್ತೆ ಹೊತ್ತ ಪ್ರೊಫೆಸರರು

ಕೋಣೆಯ ದನಿಯನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೀನ್. ಅಲ್ಲಿನ ಫಾಗ್ ವಸ್ತುಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಹೇಳಿದ ಒಂದು ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗುಂಯ್‌ಗುಡುತ್ತಿತ್ತು. ಒಂದು ಮಾತು ಅಡಗುವ ಮುಂಚೆ ಹತ್ತು ಮಾತು ಅದರ ಮೇಲೆ ಬೀಳುತ್ತಿದ್ದವು. ಇದನ್ನು ಸರಿಪಡಿಸುವ ಕೆಲಸ 1895ರಲ್ಲಿ ಈ ತರುಣ ಅಧ್ಯಾಪಕರ ಪಾಲಿಗೆ ಬಂತು. ಪಕ್ಕದ ನಾಟಕಶಾಲೆಯ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಕೊಠಡಿಯಲ್ಲಿ ಹರಡಿ, ಆರ್ಗನ್ ಕೊಳವೆಯೊಂದನ್ನು ನುಡಿಸಿ, ಅದರ ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅವರು ಅಳೆದರು. ಬೆಳಗಾಗುವ ಮುಂಚೆ ಮೆತ್ತೆಗಳು ಮತ್ತೆ ನಾಟಕಶಾಲೆಗೆ! ಇಂಥ ರಾತ್ರಿಗಳ ಫಲವಾಗಿ ಹೊರಟದ್ದೇ ಸಬೀನ್ ಸೂತ್ರ. ಸದ್ದು ಅಡಗಲು ಬೇಕಾಗುವ ಅನುರಣನ ಕಾಲ, ಕೋಣೆಯ ಘನಗಾತ್ರವನ್ನು 0.161ರಿಂದ ಗುಣಿಸಿ, ಕೋಣೆಯ ಒಟ್ಟು ಹೀರುವ ಶಕ್ತಿಯಿಂದ ಭಾಗಿಸಿದಷ್ಟು. ಈ ಲೆಕ್ಕದ ಆಧಾರದ ಮೇಲೆ ರೂಪುಗೊಂಡ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು. ಇಂದಿಗೂ ಅದು ಜಗತ್ತಿನ ಉತ್ತಮ ಸಂಗೀತ ಮಂದಿರಗಳಲ್ಲಿ ಒಂದು.

ಸಬೀನ್ ಹೀರುವ ಶಕ್ತಿಗೆ ಆರಿಸಿಕೊಂಡ ಅಳತೆಗೋಲು ಬಹಳ ಸೊಗಸಾದದ್ದು: ತೆರೆದ ಕಿಟಕಿ! ಅದರಿಂದ ಹೊರಗೆ ಹೋದ ದನಿ ತಿರುಗಿ ಬರುವುದಿಲ್ಲವಲ್ಲ. ಹೈಸ್ಕೂಲು ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಬಹುದು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಬರಿದಾದ ಕೋಣೆ. ಘನಗಾತ್ರ 34 ಘನ ಮೀಟರ್. ಗೋಡೆ, ನೆಲ, ಚಾವಣಿ ಎಲ್ಲ ಸೇರಿ 63 ಚದರ ಮೀಟರ್. ಸಿಮೆಂಟಿನ ಮೇಲ್ಮೈ ತನ್ನ ಮೇಲೆ ಬಿದ್ದ ದನಿಯಲ್ಲಿ ನೂರಕ್ಕೆ 2 ಪಾಲು ಹೀರುತ್ತದೆ ಎಂದಿಟ್ಟುಕೊಂಡರೆ ಒಟ್ಟು ಹೀರಿಕೆ 1.26 ಚದರ ಮೀಟರ್. ಸೂತ್ರಕ್ಕೆ ಹಾಕಿದರೆ ಉತ್ತರ ಸುಮಾರು 4.3 ಸೆಕೆಂಡು. ಈಗ 4 ಅಡಿಗೆ 3 ಅಡಿಯ ಒಂದು ಕಿಟಕಿಯನ್ನು ತೆರೆಯಿರಿ. ಉತ್ತರ 2.3 ಸೆಕೆಂಡಿಗೆ ಇಳಿಯುತ್ತದೆ. ಒಂದೇ ಕಿಟಕಿಯಿಂದ ಸದ್ದಿನ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಯಿತು! ಮನೆಯ ಕೋಣೆಯಲ್ಲಿ ಮಾತು, ಹಾಡು ಹಿತವಾಗಿ ಕೇಳಬೇಕಾದರೆ ಇದು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿರಬೇಕು.

ಕನ್ನಡ ನಾಡಿನ ಶಾಲೆಯ ಮಕ್ಕಳು ಪ್ರವಾಸ ಹೋದಾಗ ದನಿಯ ಆಟವನ್ನು ನೋಡುವುದು ವಿಜಯಪುರದ ಗೋಳಗುಮ್ಮಟದಲ್ಲಿ. 1656ರಲ್ಲಿ ಮುಗಿದ, ಮಹಮ್ಮದ್ ಆದಿಲ್‌ಶಾಹನ ಈ ಗೋರಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಷ್ಟು ದೂರ ಹೋಗಿ ಬರಲು ದನಿಗೆ ಸಾಕಷ್ಟು ಸಮಯ ಹಿಡಿಯುವುದರಿಂದ ಪ್ರತಿಧ್ವನಿ ಬಿಡಿಬಿಡಿಯಾಗಿ ಕೇಳಿಸುತ್ತದೆ. ಅಲ್ಲಿ ಪಿಸುಮಾತು ಗೋಡೆಯನ್ನೇ ಹಿಡಿದುಕೊಂಡು ಸುತ್ತುವ ಬಗೆ ಸರ್ ಸಿ.ವಿ. ರಾಮನ್ ಅವರ ಕುತೂಹಲವನ್ನೂ ಕೆರಳಿಸಿತ್ತು. 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಪಿಸುಮಾತಿನ ಮೊಗಸಾಲೆಯನ್ನು ಪರೀಕ್ಷಿಸಿದ ಅವರು, ಮರುವರ್ಷ ಪ್ರಕಟಿಸಿದ ಲೇಖನದಲ್ಲಿ ಗೋಳಗುಮ್ಮಟವನ್ನೂ ಸೇರಿಸಿಕೊಂಡರು. ನಮ್ಮ 12 ಅಡಿಯ ಕೋಣೆಯಲ್ಲಿ ದನಿ ಗೋಡೆಗೆ ಹೋಗಿ ಬರಲು ಸೆಕೆಂಡಿನ ನೂರನೇ ಎರಡು ಭಾಗ ಸಾಕು. ಆದ್ದರಿಂದ ಬಿಡಿ ಪ್ರತಿಧ್ವನಿ ಇಲ್ಲ, ಎಲ್ಲ ಕಲಸಿ ಗುಂಯ್ ಎನ್ನುತ್ತದೆ.

ಗುಮ್ಮನ ವಿಳಾಸ

ಸಣ್ಣ ಕೋಣೆಯಲ್ಲಿ ಮಂದ್ರದ ದನಿಗೆ ಸಬೀನ್ ಸೂತ್ರವೊಂದೇ ಸಾಲದು. ಅಲ್ಲಿ ಕೊಡದ ಗುಣ ಮೇಲುಗೈ ಪಡೆಯುತ್ತದೆ. ದನಿಯ ತರಂಗದೂರದ ಅರ್ಧ ಭಾಗ ಕೋಣೆಯ ಉದ್ದಕ್ಕೆ ಸರಿಹೊಂದಿದರೆ, ಎದುರು ಬದಿರಿನ ಗೋಡೆಗಳ ನಡುವೆ ಅಲೆ ನಿಂತುಬಿಡುತ್ತದೆ. ಇದೇ ಸ್ಥಾಯಿ ಅಲೆ. ದನಿಯ ವೇಗವನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಅದರ ಆವೃತ್ತಿ ಸಿಗುತ್ತದೆ. 25 ಡಿಗ್ರಿ ಸೆಲ್ಷಿಯಸ್‌ನಲ್ಲಿ ದನಿಯ ವೇಗ ಸೆಕೆಂಡಿಗೆ 346 ಮೀಟರ್. ಮೇಲಿನ ಕೋಣೆಯ 12 ಅಡಿ ಉದ್ದಕ್ಕೆ ಇದು ಸುಮಾರು 47 ಹರ್ಟ್ಜ್, 10 ಅಡಿ ಅಗಲಕ್ಕೆ ಸುಮಾರು 57 ಹರ್ಟ್ಜ್. ಎತ್ತರವೂ 10 ಅಡಿಯೇ ಆದ್ದರಿಂದ ಅಲ್ಲೂ 57! ಎರಡು ಗುಮ್ಮಗಳು ಒಂದೇ ದನಿಯಲ್ಲಿ ಕೂಗಿದಂತಾಯಿತು. ಇವುಗಳ ಇಮ್ಮಡಿ, ಮುಮ್ಮಡಿಯಲ್ಲೂ ಮರಿಗುಮ್ಮಗಳಿರುತ್ತವೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದ ಘನಾಕೃತಿಯ ಕೋಣೆ ಎಲ್ಲಕ್ಕಿಂತ ಕೆಟ್ಟದ್ದು ಎನ್ನುವುದು ಇದಕ್ಕೇ. ಹೊಸದಾಗಿ ಮನೆ ಕಟ್ಟಿಸುವವರು ನಕ್ಷೆ ಬರೆಸುವಾಗಲೇ ಇದನ್ನು ನೆನಪಿಟ್ಟರೆ ಕಾಸು ಖರ್ಚಿಲ್ಲದೆ ಅರ್ಧ ಕೆಲಸ ಮುಗಿಯಿತು.

ಇಂಥ ಅಲೆಯ ಒತ್ತಡ ಗೋಡೆಯ ಬಳಿ ಅತಿ ಹೆಚ್ಚು, ಕೋಣೆಯ ನಡುಮಧ್ಯದಲ್ಲಿ ಅತಿ ಕಡಿಮೆ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಉದ್ದದ ಅಲೆಯೂ ಅಗಲದ ಅಲೆಯೂ ಸೇರುತ್ತವೆ. ಗೋಡೆಗಳು ಚಾವಣಿಗೋ ನೆಲಕ್ಕೋ ಕೂಡುವ ತುದಿಯಲ್ಲಿ ಮೂರೂ ಸೇರುತ್ತವೆ. ಗುಮ್ಮನ ವಿಳಾಸ ಮೂಲೆ ಎಂಬುದು ಈಗ ಸ್ಪಷ್ಟವಾಯಿತಷ್ಟೆ? ಬೋನನ್ನೂ ಅಲ್ಲೇ ಇಡಬೇಕು.

ಮೂರು ಬಗೆಯ ಬೋನುಗಳು

ಮೊದಲನೆಯದು ರಂಧ್ರಮಯ ವಸ್ತು: ಹತ್ತಿ, ರಾಕ್‌ವುಲ್, ಗ್ಲಾಸ್‌ವುಲ್, ತೆರೆದ ರಂಧ್ರಗಳ ಸ್ಪಂಜು. ಗಾಳಿಯ ಕಣಗಳು ನಾರಿನ ಸಂದುಗಳಲ್ಲಿ ಹಿಂದೆ ಮುಂದೆ ಓಡಾಡುವಾಗ ಉಜ್ಜಿ, ದನಿಯ ಶಕ್ತಿ ಒಂದಿಷ್ಟು ಶಾಖವಾಗುತ್ತದೆ. ಗುಟ್ಟು ಇಲ್ಲೇ ಇದೆ. ಗೋಡೆಗೆ ತಾಗಿದ ಗಾಳಿ ಓಡಾಡಲಾರದು. ಗಾಳಿ ಅತಿ ಹೆಚ್ಚು ಓಡಾಡುವುದು ಗೋಡೆಯಿಂದ ತರಂಗದೂರದ ಕಾಲು ಭಾಗದಷ್ಟು ದೂರದಲ್ಲಿ. 57 ಹರ್ಟ್ಜ್‌ಗೆ ಈ ದೂರ ಸುಮಾರು 5 ಅಡಿ! ಹೀಗಿರುವಾಗ ಗೋಡೆಗೆ ಅಂಟಿಸಿದ ಒಂದು ಇಂಚಿನ ಸ್ಪಂಜು ಮಂದ್ರವನ್ನು ಹಿಡಿಯುವುದೆಂತು? ಅದು ಸಾವಿರ ಹರ್ಟ್ಜ್‌ಗಿಂತ ಮೇಲಿನ ಸಣ್ಣ ದನಿಗಳನ್ನಷ್ಟೇ ಹೀರುತ್ತದೆ. ಪರಿಣಾಮವಾಗಿ ಹಾಡಿನ ಹೊಳಪು ಸತ್ತು ಗುಂಯ್‌ಗುಡುವುದು ಮಾತ್ರ ಉಳಿಯುತ್ತದೆ. ಈ ಬಗೆಯ ಬೋನಿಗೆ ದಪ್ಪವೇ ಪ್ರಾಣ. 4 ಇಂಚು ದಪ್ಪ, 2 ಅಡಿ ಅಗಲದ ರಾಕ್‌ವುಲ್ ಹಲಗೆಯನ್ನು ಮೂಲೆಗೆ ಅಡ್ಡಲಾಗಿ ನಿಲ್ಲಿಸಿದರೆ, ಹಲಗೆಯ ನಡುಭಾಗ ಮೂಲೆಯಿಂದ ಒಂದು ಅಡಿ ದೂರ ನಿಂತು, ಹಿಂದಿನ ಖಾಲಿ ಜಾಗವೂ ಕೆಲಸಕ್ಕೆ ಬರುತ್ತದೆ. ಇಷ್ಟಾದರೂ ನೂರು ಹರ್ಟ್ಜ್‌ಗಿಂತ ಮೇಲೆ ಅದರ ಹಿಡಿತ ಚೆನ್ನ, ಕೆಳಗಿಳಿದಂತೆ ಸಡಿಲ.

ಎರಡನೆಯದು ಅದುರುವ ಹಲಗೆ. ಚೌಕಟ್ಟಿಗೆ ತೆಳುವಾದ ಪ್ಲೈವುಡ್ ಬಡಿದು, ಹಿಂದೆ ಗಾಳಿ ಮತ್ತು ಸ್ವಲ್ಪ ನಾರು ಬಿಟ್ಟರೆ, ಒತ್ತಡಕ್ಕೆ ಹಲಗೆ ಅದುರಿ ದನಿಯನ್ನು ನುಂಗುತ್ತದೆ. ಮಾಳಿಗೆ ಮನೆಯ ಹಲಗೆ ಮಾಡುತ್ತಿದ್ದದ್ದು ಇದೇ ಕೆಲಸ. ಒತ್ತಡ ಹೆಚ್ಚಿರುವಲ್ಲಿ, ಅಂದರೆ ಗೋಡೆಗೇ ತಾಗಿಸಿ ಇದನ್ನು ಇಡಬಹುದು.

ಮೂರನೆಯದು ಗಡಿಗೆ! ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲಿ ವಿವರಿಸಿದ ಅನುನಾದಕ ಇದು. ಸೋಡಾ ಬಾಟಲಿಯ ಬಾಯಿಗೆ ಊದಿದಾಗ ‘ಹೂಂ’ ಎನ್ನುತ್ತದಲ್ಲ, ಅದೇ ಸ್ವರದ ದನಿ ಹೊರಗಿನಿಂದ ಬಂದರೆ ಕತ್ತಿನ ಗಾಳಿ ತೂಗಾಡುತ್ತದೆ. ಕತ್ತಿನಲ್ಲಿ ಸ್ವಲ್ಪ ಹತ್ತಿ ಇದ್ದರೆ ಆ ಶಕ್ತಿ ಅಲ್ಲೇ ಕರಗುತ್ತದೆ. ಪ್ರಾಚೀನ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ನಾಟಕಶಾಲೆಗಳಲ್ಲಿ ಕಂಚಿನ ಪಾತ್ರೆಗಳನ್ನು ಇಡುವ ವಿಚಾರ ಬರೆದಿದ್ದಾನೆ. ಯುರೋಪಿನ ಹಲವು ಹಳೆಯ ಇಗರ್ಜಿಗಳ ಗೋಡೆಗಳಲ್ಲಿ ಮಣ್ಣಿನ ಗಡಿಗೆಗಳು ಸಿಕ್ಕಿವೆ. 12 ಲೀಟರಿನ, 10 ಸೆಂಟಿಮೀಟರ್ ಬಾಯಿಯ, 5 ಸೆಂಟಿಮೀಟರ್ ಕತ್ತಿನ ಗಡಿಗೆ ಸುಮಾರು 130 ಹರ್ಟ್ಜ್‌ನಲ್ಲಿ ನುಡಿಯುತ್ತದೆ ಎಂದು ಲೆಕ್ಕ ಹೇಳುತ್ತದೆ. ಬಾಯಿ ಕಿರಿದಾದಷ್ಟೂ ಹೊಟ್ಟೆ ದೊಡ್ಡದಾದಷ್ಟೂ ಸ್ವರ ಇಳಿಯುತ್ತದೆ. ಆದರೆ ಒಂದು ಗಡಿಗೆ ಒಂದೇ ಸ್ವರವನ್ನು ಹಿಡಿಯುತ್ತದೆ, ಅದೂ ಅಲ್ಪಸ್ವಲ್ಪ. ಮನೆಯಲ್ಲಿ ಪ್ರಯೋಗಕ್ಕೆ ಇದು ಚೆಂದ, ಪರಿಹಾರಕ್ಕೆ ಸಾಲದು.

ಆರಿಸುವುದು ಹೇಗೆ?

ಹಣ ಕೊಡುವ ಮುಂಚೆ ಪುಕ್ಕಟೆ ಮದ್ದನ್ನು ಮಾಡಿ ನೋಡಿ. ಮೂಲೆಯಲ್ಲಿಟ್ಟ ಸ್ಪೀಕರ್ ಎಲ್ಲ ಗುಮ್ಮಗಳನ್ನೂ ಏಕಕಾಲಕ್ಕೆ ಎಬ್ಬಿಸುತ್ತದೆ. ಅದನ್ನು ಮೂಲೆಯಿಂದ ಎರಡು ಮೂರು ಅಡಿ ಈಚೆಗೆ ಎಳೆಯಿರಿ. ಕೇಳುವವರು ಗೋಡೆಗೆ ಆನಿಕೊಂಡು ಕೂರುವುದೂ ಬೇಡ, ಕೋಣೆಯ ನಟ್ಟನಡುವೆ ಕೂರುವುದೂ ಬೇಡ. ಮುಂದಿನ ಗೋಡೆಯಿಂದ ಉದ್ದದ ಐದರಲ್ಲಿ ಎರಡು ಭಾಗದಷ್ಟು ದೂರದಲ್ಲಿ ಕುಳಿತು, ಅಲ್ಲಿಂದ ಸ್ವಲ್ಪ ಹಿಂದೆ ಮುಂದೆ ಸರಿದು ಪರೀಕ್ಷಿಸಿ. ಬಾಗಿಲು, ಕಿಟಕಿ ತೆರೆದು ಕೇಳಿ. ಮಂಚ, ಗಾದಿ, ಪುಸ್ತಕದ ಕಪಾಟುಗಳನ್ನು ಆ ಕೋಣೆಗೇ ತನ್ನಿ.

ಸಾಲದಿದ್ದರೆ ಎರಡನೇ ಹೆಜ್ಜೆ. ರಾಯಚೂರು ಹತ್ತಿಯ ಊರು. ಗಾದಿ ಹೊಲಿಯುವವರು ಪ್ರತಿ ಪೇಟೆಯಲ್ಲೂ ಇದ್ದಾರೆ. ಹಳೆಯ ಹತ್ತಿ ಗಾದಿಯನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ಎರಡು ಮೂಲೆಗಳಲ್ಲಿ ನಿಲ್ಲಿಸಿ ಒಂದು ವಾರ ಕೇಳಿ ನೋಡಿ. ತಬಲಾದ ಪೆಟ್ಟು ಮೊದಲಿಗಿಂತ ಬಿಡಿಯಾಗಿ ಕೇಳಿಸಿದರೆ ದಾರಿ ಸರಿಯಿದೆ ಎಂದರ್ಥ. ಆಮೇಲೆ ಬೇಕಾದರೆ ಬಡಗಿಯಿಂದ ಚೌಕಟ್ಟು ಮಾಡಿಸಿ, 4 ಇಂಚು ಅಥವಾ ಹೆಚ್ಚು ದಪ್ಪದ, ಒತ್ತಾಗಿರುವ ರಾಕ್‌ವುಲ್ ಹಲಗೆ ತುಂಬಿ, ಗಾಳಿಯಾಡುವ ಬಟ್ಟೆ ಹೊದಿಸಿ, ನೆಲದಿಂದ ಚಾವಣಿಯವರೆಗೆ ಮೂಲೆಗಳಿಗೆ ನಿಲ್ಲಿಸಬಹುದು. ಬಟ್ಟೆಗೆ ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗಬೇಕು, ಪರೀಕ್ಷೆ ಇಷ್ಟೇ. ಆ ಕೆಲಸ ಮಾಡುವಾಗ ಮೂಗಿಗೆ ಬಟ್ಟೆ, ಕೈಗೆ ಗ್ಲೌಸ್ ಇರಲಿ. ಮಕ್ಕಳು ದೂರವಿರಲಿ. ಸ್ಪೀಕರಿನ ಹಿಂದಿನ ಎರಡು ಮೂಲೆಗಳಿಂದ ಆರಂಭಿಸಿ, ಕೇಳಿ ನೋಡಿ, ಆಮೇಲೆ ಮುಂದಿನದು.

ಮೋಸ ಹೋಗಬೇಡಿ

ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿದರೆ ಸದ್ದು ನಿಲ್ಲುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಮಂದ್ರದ ದನಿಗೆ ಅವು ಇದ್ದೂ ಇಲ್ಲದಂತೆ. ಥರ್ಮೋಕೋಲ್ ಕೂಡ ನಿಷ್ಪ್ರಯೋಜಕ. ಅದರ ರಂಧ್ರಗಳು ಮುಚ್ಚಿರುವುದರಿಂದ ಗಾಳಿ ಒಳಗೆ ಹೋಗುವುದೇ ಇಲ್ಲ. ಮೂಲೆಗೆ ಅಂಟಿಸುವ ಸಣ್ಣ ತ್ರಿಕೋನದ ಸ್ಪಂಜುಗಳಿಗೆ ‘ಬಾಸ್ ಟ್ರ್ಯಾಪ್’ ಎಂಬ ಹೆಸರಿದ್ದ ಮಾತ್ರಕ್ಕೆ ಅವು ಬಾಸ್ ಹಿಡಿಯುವುದಿಲ್ಲ. 125 ಹರ್ಟ್ಜ್‌ನಲ್ಲಿ ಎಷ್ಟು ಹೀರುತ್ತದೆ ಎಂಬ ಅಂಕಿಯನ್ನು ಮಾರುವವರಿಂದ ಕೇಳಿ. ಅಂಕಿ ಇಲ್ಲದಿದ್ದರೆ ಹಣವೂ ಬೇಡ. ಇನ್ನೊಂದು ಮಾತು: ಬೋನು ಒಳಗಿನ ದನಿಯನ್ನು ಹದಗೊಳಿಸುತ್ತದೆಯೇ ಹೊರತು ಪಕ್ಕದ ಮನೆಗೆ ಸದ್ದು ಹೋಗುವುದನ್ನು ತಡೆಯುವುದಿಲ್ಲ. ಅದಕ್ಕೆ ಭಾರವಾದ ಗೋಡೆ, ಸಂದಿಲ್ಲದ ಬಾಗಿಲು ಬೇಕು.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಬೆಂಕಿಯದು. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ನೈಟ್‌ಕ್ಲಬ್ ಒಂದರಲ್ಲಿ ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಯ ಸ್ಪಂಜಿಗೆ ತಗಲಿ 100 ಜನ ಸತ್ತರು. 2013ರಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದಲ್ಲಿ ಇಂಥದೇ ಬೆಂಕಿಗೆ 242 ಜನ ಬಲಿಯಾದರು. ಆ ಸ್ಪಂಜು ಉರಿಯುವುದೂ ಬೇಗ, ಅದರ ಹೊಗೆಯೂ ವಿಷ. ಬಿಡಿ ಹತ್ತಿ ಕಿಡಿಯನ್ನು ಹೇಗೆ ಹಿಡಿಯುತ್ತದೆಂದು ಜಿನ್ನಿಂಗ್ ಮಿಲ್ಲಿನ ಕಾರ್ಮಿಕರನ್ನು ಕೇಳಿದರೆ ಹೇಳುತ್ತಾರೆ. ಹತ್ತಿ ಗಾದಿ, ಸ್ಪಂಜು ಯಾವುದೇ ಇರಲಿ, ಪ್ಲಗ್, ತಂತಿ, ದೇವರ ದೀಪ, ಊದುಬತ್ತಿಯಿಂದ ದೂರವಿರಲಿ. ಬಾಗಿಲ ಬಳಿ ಬೇಡವೇ ಬೇಡ. ರಾಕ್‌ವುಲ್ ಕಲ್ಲನ್ನು ಕರಗಿಸಿ ಮಾಡಿದ ನಾರಾದ್ದರಿಂದ ಉರಿಯುವುದಿಲ್ಲ. ಶಾಶ್ವತವಾಗಿ ಇಡುವುದಾದರೆ ಅದನ್ನೇ ಆರಿಸಲು ಇದೊಂದು ಕಾರಣ ಸಾಕು.

ಪಾಠವೂ ಕೇಳಿಸಬೇಕು

ಸಂಗೀತ ಬೇಡ ಎನ್ನುವ ಮನೆಗೂ ಇದರಲ್ಲಿ ಪಾಲಿದೆ. ಮಾತಿನಲ್ಲಿ ಅ, ಆ, ಓ ಎಂಬ ಸ್ವರಗಳಿಗೆ ಬಲ ಹೆಚ್ಚು. ಸ, ಶ, ತ, ಪ ಎಂಬ ವ್ಯಂಜನಗಳ ದನಿ ಸಣ್ಣದು, ಕ್ಷಣಿಕವಾದದ್ದು. ಅರ್ಥವನ್ನು ಬೇರ್ಪಡಿಸುವವು ಇವೇ. ಹಿಂದಿನ ಅಕ್ಷರದ ಗುಂಯ್‌ಗಾಟ ಅಡಗುವ ಮುಂಚೆ ಬಂದ ವ್ಯಂಜನ ಮುಚ್ಚಿಹೋಗುತ್ತದೆ. ‘ತಳ’ವೋ ‘ಪಳ’ವೋ ತಿಳಿಯುವುದಿಲ್ಲ. ಭಾಷೆ ಚೆನ್ನಾಗಿ ಬಲ್ಲ ದೊಡ್ಡವರು ಬಿಟ್ಟುಹೋದದ್ದನ್ನು ಊಹಿಸಿಕೊಳ್ಳುತ್ತಾರೆ. ಹೊಸ ಪದವನ್ನು ಮೊದಲ ಬಾರಿ ಕೇಳುವ ಮಗು ಏನನ್ನು ಊಹಿಸೀತು? ಸದ್ದು ಜೋರು ಮಾಡಿದರೆ ಗುಮ್ಮನೂ ಜೋರಾಗುತ್ತಾನೆ, ಕಿವಿಗೂ ಕೇಡು. ಮಕ್ಕಳಿಗೆ ವಾರಕ್ಕೆ 40 ಗಂಟೆ, 75 ಡೆಸಿಬಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಈ ಭಾನುವಾರ ತಂದೆ ಮಕ್ಕಳು ಕೂಡಿ ಒಂದು ಪ್ರಯೋಗ ಮಾಡಬಹುದು. ಬರಿದಾದ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ಕೇಳಿ. ಬಳಿಕ ಮೂಲೆಗೆ ಮುಖ ಮಾಡಿ ಬಾಯಿ ಮುಚ್ಚಿ ‘ಹೂಂ’ ಎನ್ನುತ್ತಾ, ಸ್ವರವನ್ನು ನಿಧಾನವಾಗಿ ಇಳಿಸುತ್ತಾ ಹೋಗಿ. ಯಾವುದೋ ಒಂದು ಸ್ವರಕ್ಕೆ ಕೋಣೆಯೇ ‘ಹೂಂ’ ಎಂದು ಓಗೊಡುತ್ತದೆ. ಅದೇ ಮನೆಯ ಮರಿಗುಮ್ಮ. ಈಗ ಕೌದಿ, ಗಾದಿಗಳನ್ನು ಮೂಲೆಗೆ ಪೇರಿಸಿ ಮತ್ತೆ ಕೇಳಿ. ಟೇಪು ಹಿಡಿದು ಕೋಣೆ ಅಳೆದು, ಲೆಕ್ಕ ಹಾಕಿ, ಉತ್ತರವನ್ನು ಕಿವಿಯಿಂದ ತಾಳೆ ನೋಡುವ ಹುಡುಗಿಗೆ ಸ್ಥಾಯಿ ಅಲೆಯ ಪಾಠವನ್ನು ಬಾಯಿಪಾಠ ಮಾಡುವ ಗೊಡವೆಯಿಲ್ಲ. ಅಜ್ಜಿ ಮೂಲೆಯಲ್ಲಿ ಪೇರಿಸಿಟ್ಟ ಕೌದಿಗಳನ್ನು ಹಳೆಯದೆಂದು ಎಸೆಯುವ ಮುಂಚೆ ಆ ಮನೆಯವರು ಇನ್ನೊಮ್ಮೆ ಯೋಚಿಸಿಯಾರು.